ಶಿವಲಿಂಗಮ್ಮನ ಬುಧವಾರ

ಶಿವಲಿಂಗಮ್ಮ ಸುಳ್ಳು ಹೇಳುವ ಹೆಂಗಸಲ್ಲ. ಅಮೆರಿಕದ ಟ್ರಾಯ್ ಊರಿನ ಕನ್ನಡದವರನ್ನು ಯಾರನ್ನು ಬೇಕಾದರೂ ಕೇಳಿ ನೋಡಿ. ದೇವಸ್ಥಾನದ ಊಟದಲ್ಲಿ ಸಾರು ನೀರಾಗಿದ್ದರೆ ಬಡಿಸುತ್ತಿದ್ದವರ ಮುಖ ನೋಡಿಯೇ "ಇದಕ್ಕ ಬ್ಯಾಳಿ ಹಾಕೋದು ಮರತೀರೇನ್ರಿ?" ಎಂದು ಕೇಳಿದವಳು ಅವಳೊಬ್ಬಳೇ. ಅಂಥವಳು ಹೆತ್ತ ಮಗನಿಂದ ಮೂರು ವರ್ಷ ಒಂದು ಸಂಗತಿ ಮುಚ್ಚಿಟ್ಟಿದ್ದಳು. ಮುಚ್ಚಿಟ್ಟದ್ದಾದರೂ ಏನು? ಒಬ್ಬ ಡಾಕ್ಟರನ್ನು.

ಗಂಡ ರಾಚಯ್ಯ, ಹದಿನಾಲ್ಕು ವರ್ಷದ ಮಗ ವೀರೇಶ್ ಜೊತೆ ಅವಳು ರಾಣೆಬೆನ್ನೂರಿನಿಂದ ಡೆಟ್ರಾಯಿಟ್ ಕಡೆಗೆ ಬಂದದ್ದು ೧೯೮೮ರಲ್ಲಿ. ಬಂದ ಮರುವರ್ಷವೇ ಕಾರಿನ ಸೀಟಿಗೆ ಕವರ್ ಹೊಲಿಯುವ ಕಾರ್ಖಾನೆಗೆ ಸೇರಿದಳು. ಹದಿನೇಳು ವರ್ಷ ದಪ್ಪ ಸೂಜಿಯ ಮಷೀನಿನ ಮುಂದೆ ಕೂತು ಎಷ್ಟು ಸಾವಿರ ಸೀಟು ಹೊಲಿದಳೋ ಅವಳಿಗೇ ಗೊತ್ತಿಲ್ಲ. ಈಗಲೂ ಯಾರ ಕಾರು ಹತ್ತಿದರೂ ಮೊದಲು ಸೀಟಿನ ಅಂಚಿನ ಹೊಲಿಗೆಯನ್ನು ಬೆರಳಿಂದ ಸವರಿ, ಮನಸ್ಸಿಗೆ ಬಾರದಿದ್ದರೆ ಮುಖ ಸಿಂಡರಿಸುತ್ತಾಳೆ. ಆದರೆ ಕಾರು ಓಡಿಸುವುದನ್ನು ಮಾತ್ರ ಕಲಿಯಲಿಲ್ಲ. ರಾಚಯ್ಯ ಇರುವವರೆಗೆ ಅವನು ಕರೆದುಕೊಂಡು ಹೋಗುತ್ತಿದ್ದ. ಅವನು ತೀರಿಕೊಂಡ ಮೇಲೆ ಮಗನ ಮನೆಗೆ ಬಂದಳು. ಅರವತ್ತೈದಕ್ಕೆ ನಿವೃತ್ತಿಯಾದಾಗ ವಯಸ್ಸಾದವರಿಗೆ ಸರ್ಕಾರ ಕೊಡುವ ಆರೋಗ್ಯ ವಿಮೆ ಮೆಡಿಕೇರ್ ಬಂತು, ಅದರ ಮೇಲೆ ಕಾರ್ಖಾನೆಯವರು ಕೊಟ್ಟ ಇನ್ಶೂರೆನ್ಸೂ ಇತ್ತು. ಯಾವ ಡಾಕ್ಟರ ಹತ್ತಿರ ಹೋದರೂ ನಡೆಯುತ್ತಿತ್ತು.

ವೀರೇಶ್ ಆಬರ್ನ್ ಹಿಲ್ಸ್‌ನ ಒಂದು ಬ್ರೇಕ್ ಕಂಪನಿಯಲ್ಲಿ ಇಂಜಿನಿಯರು. ವರ್ಷಕ್ಕೊಮ್ಮೆ, ಜೂನ್ ತಿಂಗಳಲ್ಲಿ, ಅರ್ಧ ದಿನ ರಜೆ ಹಾಕಿ ತಾಯಿಯನ್ನು ತಾನೇ ಹುಡುಕಿಕೊಟ್ಟಿದ್ದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದ. ಹಾಗೆ ಹೋದ ಒಂದು ಸಲ ಕಾಯುವ ಕೋಣೆಯಲ್ಲಿ ಅವನು ಗಡಿಯಾರ ನೋಡಿದ್ದನ್ನು ಶಿವಲಿಂಗಮ್ಮ ಎಣಿಸಿದಳು. ಎಂಟು ಸಲ. ಪಾಪ, ಅವನು ಮಾತಿನಲ್ಲಿ ಒಂದಿಷ್ಟೂ ತೋರಿಸಿಕೊಳ್ಳಲಿಲ್ಲ. ಅವಳು ಆಮೇಲೆ ಮಂಡಿ ನೋವು ಬಂದರೂ, ತಲೆ ತಿರುಗಿದರೂ ಅವನಿಗೆ ಹೇಳಲಿಲ್ಲ.

ಅದೇ ಹೊತ್ತಿಗೆ ದೇವಸ್ಥಾನದಲ್ಲಿ ಪದ್ಮಜಾ ಸಿಕ್ಕರು. ಮೈಸೂರಿನವರು. ಅವರ ಯಜಮಾನರು ಹಯವದನ ರಾಯರು, ನಿವೃತ್ತ ಇಂಜಿನಿಯರು. ರಾಯರ ಹತ್ತಿರ ಬೆಳ್ಳಿ ಬಣ್ಣದ ಮಿನಿವ್ಯಾನ್ ಇತ್ತು, ಮಾಡಲು ಕೆಲಸವಿರಲಿಲ್ಲ. ವ್ಯಾನಿನ ಹಿಂದಿನ ಸೀಟಿನಲ್ಲಿ ಬಾಗಲಕೋಟೆಯ ದಾನಪ್ಪನವರು ಕಾಯಂ ಗಿರಾಕಿ. ಒಂಟಿ ಮನುಷ್ಯ, ಕಣ್ಣು ಮಂಜಾಗಿ ಡ್ರೈವಿಂಗ್ ಬಿಟ್ಟಿದ್ದರು. ಈ ಮೂವರೂ ಬಿಗ್ ಬೀವರ್ ರಸ್ತೆಯ ಡಾಕ್ಟರ್ ಶಾಂಭವಿಯ ಹತ್ತಿರ ತೋರಿಸಿಕೊಳ್ಳುತ್ತಿದ್ದರು. ಶಾಂಭವಿ ಹುಬ್ಬಳ್ಳಿಯವಳು, ಮಾತ್ರೆಗಿಂತ ಬೈಗುಳವನ್ನೇ ಧಾರಾಳವಾಗಿ ಬರೆದುಕೊಡುವವಳು. "ನೀವೂ ಬನ್ನಿ ಶಿವಲಿಂಗಮ್ಮನೋರೇ, ಒಂದು ಸೀಟು ಖಾಲಿ ಇದೆ" ಎಂದರು ಪದ್ಮಜಾ. ಶಿವಲಿಂಗಮ್ಮ ಹತ್ತಿಯೇಬಿಟ್ಟಳು.

ಮೊದಲ ದಿನವೇ ಶಾಂಭವಿ ಅವಳ ಬಿಪಿ ನೋಡಿ, "ಅವ್ವಾರ, ಇದೇನು ಬಿಪಿನೋ ಬಾಳೆಹಣ್ಣಿನ ರೇಟೋ? ಉಪ್ಪಿನಕಾಯಿ ಎಷ್ಟ ತಿಂತೀರಿ?" ಎಂದು ದಬಾಯಿಸಿದಳು. ಹದಿನೆಂಟು ವರ್ಷದಲ್ಲಿ ಈ ದೇಶದ ಯಾವ ಡಾಕ್ಟರೂ ಶಿವಲಿಂಗಮ್ಮನ ಉಪ್ಪಿನಕಾಯಿಯ ತನಕ ಬಂದಿರಲಿಲ್ಲ. ಅವಳಿಗೆ ಕಣ್ಣು ತುಂಬಿ ಬಂತು. ಮಾತ್ರೆಯನ್ನೂ ನುಂಗಿದಳು, ಬೈಗುಳವನ್ನೂ ನುಂಗಿದಳು. ಆರು ತಿಂಗಳಲ್ಲಿ ಬಿಪಿ ದಾರಿಗೆ ಬಂತು.

ನಾಲ್ವರಿಗೂ ವಾರವಾರ ಡಾಕ್ಟರು ಬೇಕಿರಲಿಲ್ಲ. ಆದರೆ ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರಿಗೆ ರಕ್ತ ಪರೀಕ್ಷೆ, ಮತ್ತೊಬ್ಬರಿಗೆ ಮಂಡಿ, ಹೀಗೆ ಪಾಳಿಯ ಮೇಲೆ ಪ್ರತಿ ಬುಧವಾರ ಯಾರಿಗಾದರೂ ಏನಾದರೂ ಇದ್ದೇ ಇರುತ್ತಿತ್ತು. ಕ್ಲಿನಿಕ್ಕಿನ ಕೌಂಟರಿನ ಲೀನಾ ಅದನ್ನು ಅರ್ಥ ಮಾಡಿಕೊಂಡು ನಾಲ್ವರನ್ನೂ ಬುಧವಾರ ಹತ್ತೂವರೆಗೇ ಹಾಕುತ್ತಿದ್ದಳು. ಒಬ್ಬರಿಗೆ ಅಪಾಯಿಂಟ್‌ಮೆಂಟ್ ಇದ್ದರೆ ನಾಲ್ವರೂ ಹೊರಡುವುದು. ಅಲ್ಲಿಂದ ಇಂಡಿಯನ್ ಅಂಗಡಿ, ಆಮೇಲೆ ಪಾರ್ಕಿಂಗಿನಲ್ಲೇ ಪದ್ಮಜಾ ಅವರ ಫ್ಲಾಸ್ಕಿನ ಕಾಫಿ, ಶಿವಲಿಂಗಮ್ಮನ ಖಾರದ ಅವಲಕ್ಕಿ, ಊರ ಮೇಲಿನ ಮಾತು. ವಾರದ ಉಳಿದ ಆರು ದಿನವನ್ನು ಅವಳು ಬುಧವಾರದ ಆಸೆಯಲ್ಲೇ ನೂಕುತ್ತಿದ್ದಳು.

ಮಗನಿಗೆ ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುತ್ತಲೇ ಮೂರು ವರ್ಷ ಕಳೆಯಿತು. ತಾಯಿಯನ್ನು ಆಸ್ಪತ್ರೆಗೆ ಒಯ್ಯಲು ಪರರ ವ್ಯಾನು ಬೇಕಾಯಿತಲ್ಲ ಎಂದು ಅವನು ನೊಂದುಕೊಂಡಾನು ಎಂಬುದೇ ಅವಳ ಅಂಜಿಕೆ. ಅದಕ್ಕೇ ಪ್ರತಿ ಜೂನಿನಲ್ಲಿ ಏನೂ ಗೊತ್ತಿಲ್ಲದವಳ ಹಾಗೆ ಅವನ ಜೊತೆ ಹಳೇ ಡಾಕ್ಟರ ಹತ್ತಿರ ಹೋಗಿ ಬರುತ್ತಿದ್ದಳು. ಆ ಮಹಾರಾಯ ಅವಳ ಬಿಪಿ ನೋಡಿ, ಎಲ್ಲ ತನ್ನ ಕೈಗುಣ ಎಂಬಂತೆ ಬೀಗುತ್ತಿದ್ದ. ಶಾಂಭವಿಯ ಬೈಗುಳದ ಫಲ ಇನ್ನೊಬ್ಬನ ಪಾಲಾಗುವುದನ್ನು ನೋಡಿಕೊಂಡು ಸುಮ್ಮನೆ ಕೂರುವುದು ಶಿವಲಿಂಗಮ್ಮನಂಥವಳಿಗೆ ಸಣ್ಣ ಶಿಕ್ಷೆಯಲ್ಲ.

೨೦೦೯ ಬಂತು. ಡೆಟ್ರಾಯಿಟ್ ಸುತ್ತಮುತ್ತ ಕೆಲಸ ಕಳೆದುಕೊಂಡವರಿಲ್ಲದ ಬೀದಿಯೇ ಇರಲಿಲ್ಲ. ಮಾರ್ಚಿನಲ್ಲಿ ವೀರೇಶ್ ಕೆಲಸವೂ ಹೋಯಿತು. ಸೊಸೆಗೆ ಆಸ್ಪತ್ರೆಯ ಲ್ಯಾಬಿನಲ್ಲಿ ನೌಕರಿ ಇತ್ತು, ಮನೆ ನಡೆಯುತ್ತಿತ್ತು. ಆದರೆ ವೀರೇಶ್ ಮನೆಯ ಕೆಳಗಿನ ಬೇಸ್‌ಮೆಂಟ್ ಸೇರಿಬಿಟ್ಟ. ಬೆಳಿಗ್ಗೆ ಹಾಕಿದ ಪೈಜಾಮ ರಾತ್ರಿಯವರೆಗೂ ಅದೇ. ಬುಧವಾರ ವ್ಯಾನು ಬಂದರೆ ಅವ್ವ ಇಂಡಿಯನ್ ಅಂಗಡಿಗೆ ಹೊರಟಳು ಎಂದಷ್ಟೇ ಅವನ ಎಣಿಕೆ. ಊರ ತುಂಬ ಅರ್ಜಿ ಕಳಿಸಿದ. ಉತ್ತರ ಬಂದದ್ದು ಬೆರಳೆಣಿಕೆ. ನಗುನಗುತ್ತಾ ಬೆಳೆದ ಹುಡುಗ ಊಟಕ್ಕೆ ಕೂತಾಗ ತಟ್ಟೆಯ ಜೊತೆ ಮಾತ್ರ ಮಾತಾಡುವಂತಾದ. ಶಿವಲಿಂಗಮ್ಮನಿಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಅಕ್ಟೋಬರಿನಲ್ಲಿ ಅವಳಿಗೊಂದು ಕಾಗದ ಬಂತು. ಸೀಟಿನ ಕಾರ್ಖಾನೆ ಬಾಗಿಲು ಹಾಕಿತ್ತು. ನಿವೃತ್ತರ ಇನ್ಶೂರೆನ್ಸ್ ಡಿಸೆಂಬರ್ ಮೂವತ್ತೊಂದಕ್ಕೆ ಕೊನೆ. ಮೆಡಿಕೇರಿನವರಿಗೆ ವಿಮೆಯ ಪ್ಲಾನ್ ಬದಲಿಸಿಕೊಳ್ಳಲು ವರ್ಷಕ್ಕೊಮ್ಮೆ ಅವಕಾಶ, ಆಗ ನವೆಂಬರ್ ಹದಿನೈದರಿಂದ ವರ್ಷದ ಕೊನೆಯ ದಿನದವರೆಗೆ. ಅಷ್ಟರೊಳಗೆ ಹೊಸದೊಂದು ಪ್ಲಾನ್ ಆರಿಸಿಕೊಳ್ಳಬೇಕಿತ್ತು. ಕಾಗದವನ್ನು ಮಗನ ಕೈಗೆ ಕೊಟ್ಟಳು. ಆ ಮನೆಯಲ್ಲಿ ಫಾರಂ ಎಂದರೆ ವೀರೇಶ್. ಅವನು ಪೆನ್ಸಿಲಿನಿಂದ ಗುರುತು ಹಾಕಿದ ಕಡೆ ತಾಯಿ ಸಹಿ ಹಾಕುವುದು ಮೊದಲಿನಿಂದ ನಡೆದುಬಂದ ಪದ್ಧತಿ.

ಮರುದಿನ ಬೆಳಿಗ್ಗೆ ವೀರೇಶ್ ಗಡ್ಡ ಹೆರೆದುಕೊಂಡು, ಆಫೀಸಿನ ಶರ್ಟ್ ಹಾಕಿಕೊಂಡು ಮೇಲೆ ಬಂದ. ಏಳು ತಿಂಗಳ ಮೇಲೆ! ಆರು ವಾರ ಅದೇ ಶರ್ಟು, ಅದೇ ಹುರುಪು. ನಲವತ್ತೊಂದು ಪ್ಲಾನುಗಳನ್ನು ಎಕ್ಸೆಲ್ಲಿಗೆ ಹಾಕಿದ. ಮಾತ್ರೆಗೊಂದು ಕಾಲಮ್ಮು, ಕನ್ನಡಕಕ್ಕೊಂದು, ಹಲ್ಲಿಗೊಂದು, ಕೈಯಿಂದ ಕೊಡಬೇಕಾದ ದುಡ್ಡಿಗೆ ಮೂರು. ಡಿಸೆಂಬರ್ ಮೊದಲ ಭಾನುವಾರ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿ ಮನೆಯವರನ್ನೆಲ್ಲ ಕೂರಿಸಿ ವಿವರಿಸಿದ. ಹನ್ನೊಂದು ವರ್ಷದ ಮೊಮ್ಮಗಳು ಮಾನ್ಯಾ, "ಡ್ಯಾಡ್, ದಿಸ್ ಈಸ್ ಸೋ ಮಚ್ ಕಲರ್" ಎಂದಳು. ಮೊದಲ ಸ್ಥಾನ ಬಂದ ಪ್ಲಾನಿಗೆ ತಿಂಗಳ ಕಂತೇ ಇಲ್ಲ, ಕನ್ನಡಕ ಪುಕ್ಕಟೆ. ಪಟ್ಟಿಯಲ್ಲಿರುವ ಡಾಕ್ಟರರ ಹತ್ತಿರ ಮಾತ್ರ ಹೋಗಬೇಕು ಅಷ್ಟೇ. "ನಿನ್ನ ಡಾಕ್ಟರ್ ಅದರಾಗ ಅದಾರವ್ವ, ಎರಡು ಸಲ ಚೆಕ್ ಮಾಡೀನಿ" ಎಂದ. ಚೆಕ್ ಮಾಡಿದ್ದ, ನಿಜ. ಜೂನ್ ತಿಂಗಳಿನ ಡಾಕ್ಟರನ್ನು.

ಶಿವಲಿಂಗಮ್ಮ ಅವನ ಮುಖವನ್ನಷ್ಟೇ ನೋಡುತ್ತಿದ್ದಳು. ಕಣ್ಣಲ್ಲಿ ಮತ್ತೆ ಬೆಳಕು ಬಂದಿದೆ. ಚಪ್ಪಾಳೆ ತಟ್ಟಿದಳು, ಗುರುತಿದ್ದ ಕಡೆ ಸಹಿ ಹಾಕಿದಳು. ಯಾವ ಪ್ಲಾನಾದರೇನು, ಶಾಂಭವಿ ಎಲ್ಲಿ ಹೋಗುತ್ತಾಳೆ ಎಂದುಕೊಂಡಿದ್ದಳು.

ಡಿಸೆಂಬರ್ ಹದಿನಾರು, ಬುಧವಾರ, ಲೀನಾಳಿಗೆ ಹೊಸ ಪ್ಲಾನಿನ ಹೆಸರು ಹೇಳಿದಳು. ಲೀನಾ ಕಂಪ್ಯೂಟರ್ ನೋಡಿದಳು, ಇನ್ನೊಮ್ಮೆ ನೋಡಿದಳು. "ಆಂಟಿ, ಇದನ್ನ ನಾವು ತಗೊಳಲ್ವಲ್ಲ. ಜನವರಿಯಿಂದ ನಿಮಗೆ ಇಲ್ಲಿ ನಡೆಯಲ್ಲ."

ವ್ಯಾನಿನಲ್ಲಿ ಆ ದಿನ ಕಾಫಿ ಆರಿಹೋಯಿತು.

"ಹೆದರಬ್ಯಾಡ್ರಿ. ನಾವು ಮೂರೂ ಮಂದಿ ನಿಮ್ಮ ಪ್ಲಾನಿಗೇ ಬಂದುಬಿಡ್ತೀವಿ!" ಎಂದರು ದಾನಪ್ಪನವರು ಎದೆ ತಟ್ಟಿಕೊಂಡು.

"ಬಂದು?" ಎಂದರು ಪದ್ಮಜಾ. "ನಾಲ್ಕೂ ಜನ ಸೇರಿ ಶಾಂಭವಿನ ಬಿಡೋಣ ಅಂತೀರಾ? ಏನು ತಲೆ ನಿಮ್ದು!"

ಹಯವದನ ರಾಯರು ಕನ್ನಡಿಯಲ್ಲಿ ಶಿವಲಿಂಗಮ್ಮನನ್ನು ನೋಡಿ ಮೆತ್ತಗೆ ಹೇಳಿದರು: "ಮೂವತ್ತೊಂದರವರೆಗೂ ಬದಲಾಯಿಸಬಹುದು. ಕೊನೇಲಿ ಯಾವುದಕ್ಕೆ ಸೇರ್ತೀರೋ ಅದೇ ಲೆಕ್ಕ. ನಮ್ಮ ಪ್ಲಾನಿಗೆ ಬನ್ನಿ. ಮಗನಿಗೆ ಹೇಳಿದರಾಯ್ತಲ್ಲ."

ಹೇಳಿದರಾಯ್ತಂತೆ! ರಾಯರಿಗೇನು ಗೊತ್ತು. ಆ ಶರ್ಟು, ಆ ನಲವತ್ತೊಂದು ಪ್ಲಾನು, ಆ ಮುಖ. ಇಡೀ ವರ್ಷದಲ್ಲಿ ಅವನು ಗೆದ್ದದ್ದು ಅದೊಂದೇ. "ನೀ ಮಾಡಿದ್ದು ತಪ್ಪಾತು, ಯಾಕಂದ್ರ ನಾ ಮೂರು ವರ್ಷ ನಿನಗ ಸುಳ್ಳು ಹೇಳೀನಿ" ಎಂದು ಯಾವ ಬಾಯಿಂದ ಹೇಳಲಿ ಎಂದು ಹನ್ನೆರಡು ದಿನ ಒದ್ದಾಡಿದಳು. ಶಾಂಭವಿಯನ್ನೇ ಬಿಟ್ಟುಬಿಡೋಣ ಎಂದೂ ಯೋಚಿಸಿದಳು. ಮುಂದಿನ ಬುಧವಾರ ಆ ಮೂವರೂ ಹಾರ್ನ್ ಹೊಡೆಯದೆ ಮನೆ ಮುಂದೆ ಹಾದುಹೋಗುವುದನ್ನು ನೆನೆಸಿಕೊಂಡು ಆ ಯೋಚನೆಯನ್ನು ಕೈಬಿಟ್ಟಳು.

ಸೋಮವಾರ, ಡಿಸೆಂಬರ್ ಇಪ್ಪತ್ತೆಂಟರ ಬೆಳಿಗ್ಗೆ, ರೊಟ್ಟಿ ಬಡಿಯುತ್ತಾ ಹೇಳಿಬಿಟ್ಟಳು. ವೀರೇಶ್ ಎದುರಿಗೆ ಕೂತಿದ್ದ. ಅವಳು ಅವನನ್ನು ನೋಡದೆ ಹಿಟ್ಟನ್ನೇ ನೋಡಿಕೊಂಡು ಗಡಿಯಾರದಿಂದ ಹಿಡಿದು ವ್ಯಾನು, ಉಪ್ಪಿನಕಾಯಿ, ಲೀನಾ, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಏಳು ರೊಟ್ಟಿ ಆಗಿದ್ದವು.

"ಮೂರು ವರ್ಷ? ಪ್ರತಿ ಬುಧವಾರ?"

"ಹೂಂ."

"ನನ್ನ ಆಫೀಸು ಹದಿನೈದು ನಿಮಿಷದ ದಾರಿ ಇತ್ತವ್ವ. ಒಂದು ಫೋನ್ ಮಾಡಿದ್ರ ಬರತಿದ್ದೆ."

"ಬರತಿದ್ದಿ. ಅದಕ್ಕ ಮಾಡಲಿಲ್ಲ."

ವೀರೇಶ್ ಎದ್ದು ಬೇಸ್‌ಮೆಂಟಿಗೆ ಇಳಿದ. ಎಂಟನೆಯ ರೊಟ್ಟಿ ಹಂಚಿನ ಮೇಲೆ ಸುಟ್ಟು ಕರಕಲಾಯಿತು. ಅರ್ಧ ಗಂಟೆಯ ಮೇಲೆ ಲ್ಯಾಪ್‌ಟಾಪ್ ಹಿಡಿದುಕೊಂಡು ಮೇಲೆ ಬಂದ. ಮುಖ ಬಿಗಿದಿತ್ತು. ಹೊಸ ಕಾಲಮ್ಮಿಗೆ ಶಾಂಭವಿಯ ಹೆಸರು ಹಾಕಿದ್ದೇ ತಡ, ಅಷ್ಟು ದಿನದ ಪಟ್ಟಿ ತಲೆಕೆಳಗಾಯಿತು. ಮೊದಲನೆಯದು ಪಟ್ಟಿಯಿಂದಲೇ ಬಿತ್ತು; ಒಂಬತ್ತನೆಯದಾಗಿದ್ದ ರಾಯರ ಪ್ಲಾನ್ ಮೇಲೆ ಬಂತು.

"ತಿಂಗಳಿಗೆ ಮೂವತ್ನಾಕು ಡಾಲರ್ ಜಾಸ್ತಿ. ಕನ್ನಡಕಾನೂ ಇಲ್ಲ," ಎಂದ.

"ಇರವಲ್ದ್ಯಾಕ. ನನ್ನ ಸೋಶಿಯಲ್ ಸೆಕ್ಯೂರಿಟಿ ಪೆನ್ಶನ್ ಏನು ಉಪ್ಪಿನಕಾಯಿ ಹಾಕಲೇನು?"

ಅವನು ನಗಲಿಲ್ಲ. "ಈ ಸಲ ಓದಿ ಒತ್ತು," ಎಂದು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ. ಶಿವಲಿಂಗಮ್ಮ ಕೈ ತೊಳೆದುಕೊಂಡು ಬಂದಳು. ಕಾರ್ಖಾನೆಯ ಬೋರ್ಡುಗಳಿಂದ ಕಲಿತ ಇಂಗ್ಲಿಷಿನಲ್ಲಿ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದಳು. ತಡೆದಲ್ಲಿ ಮಾನ್ಯಾ ಎತ್ತಿಕೊಟ್ಟಳು. ಐವತ್ತು ನಿಮಿಷ ಹಿಡಿಯಿತು. ಅರ್ಥವಾಗದ್ದನ್ನೆಲ್ಲ ಕೇಳಿದಳು, ವೀರೇಶ್ ಮುಖ ಬಿಗಿದುಕೊಂಡೇ ಉತ್ತರ ಕೊಟ್ಟ. ಕೊನೆಗೆ ತಾನೇ ಬಟನ್ ಒತ್ತಿದಳು.

ಡಾಕ್ಟರ್ ಉಳಿದಳು, ಮಗ ಮಾತು ಬಿಟ್ಟ. ಆಫೀಸಿನ ಶರ್ಟು ಕಪಾಟು ಸೇರಿ ಪೈಜಾಮ ಮತ್ತೆ ಬಂತು. ಕೇಳಿದ್ದಕ್ಕೆ ಹೂಂ, ಉಹೂಂ ಅಷ್ಟೇ. ಹೊಸ ವರ್ಷದ ದಿನ ಅವನಿಗಿಷ್ಟವೆಂದು ಹೋಳಿಗೆ ಮಾಡಿದಳು; ಎರಡು ತಿಂದು ಎದ್ದುಹೋದ. ನಾನೇ ನನ್ನ ಕೈಯಾರೆ ಅವನನ್ನು ಕೆಳಗೆ ನೂಕಿದೆ ಎಂದು ಶಿವಲಿಂಗಮ್ಮನಿಗೆ ಅನ್ನಿಸಿತು. ಉಳಿದ ಹೋಳಿಗೆಯನ್ನು ಡಬ್ಬಿಗೆ ತುಂಬಿಟ್ಟಳು.

ಜನವರಿ ಆರು, ಬುಧವಾರ. ಹೊಸ ಕಾರ್ಡಿನಲ್ಲಿ ಅವಳ ಮೊದಲ ಅಪಾಯಿಂಟ್‌ಮೆಂಟು. ಹಿಂದಿನ ದಿನ ಸುರಿದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿತ್ತು, ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಒಂಬತ್ತು ಗಂಟೆಗೆ ರಾಯರ ಫೋನು: "ಐಸ್ ಮೇಲೆ ನನ್ನ ಕೈಲಿ ಡ್ರೈವ್ ಮಾಡಕ್ಕಾಗಲ್ಲ ಶಿವಲಿಂಗಮ್ಮನೋರೇ. ಮೊನ್ನೆ ಮನೆ ಮುಂದೇನೇ ವ್ಯಾನ್ ಅರ್ಧ ಸುತ್ತು ತಿರುಗ್ತು."

"ಇರಲಿ ಬಿಡ್ರಿ, ಮುಂದಿನ ವಾರ ಹೋದ್ರಾತು" ಎಂದಳು.

"ನಾ ಡ್ರೈವ್ ಮಾಡ್ತೀನಿ."

ತಿರುಗಿ ನೋಡಿದರೆ ವೀರೇಶ್. ಆಗಲೇ ಬೂಟು ಹಾಕಿಕೊಳ್ಳುತ್ತಿದ್ದ. "ಎಲ್ಲಾರೂ ಆ ವ್ಯಾನಿನಾಗೇ ಹೋಗೂಣು. ಅವರ ಮನೀತನಕ ನನ್ನ ಕಾರಿನಾಗ ಹೋದ್ರಾತು."

ಶಿವಲಿಂಗಮ್ಮನಿಗೆ ಐಸಿನ ಭಯ ಒಂದಿಷ್ಟೂ ಇರಲಿಲ್ಲ. ಭಯವಿದ್ದದ್ದು ವ್ಯಾನಿನೊಳಗಿನ ಮೂರು ಬಾಯಿಗಳದು. ಮೂರು ವರ್ಷ ಅವಳು ಆ ಸೀಟಿನಲ್ಲಿ ಕೂತು ಏನೇನು ಮಾತಾಡಿದ್ದಾಳೆ ಎಂಬುದು ಅವಳಿಗೇ ಗೊತ್ತು. ದಾನಪ್ಪನವರಂತೂ ಹೊಟ್ಟೆಯಲ್ಲಿ ಒಂದು ಮಾತು ಇಟ್ಟುಕೊಂಡ ಮನುಷ್ಯನಲ್ಲ.

ರಾಯರ ಮನೆಯಲ್ಲಿ ವ್ಯಾನಿನ ಕೀಲಿ ವೀರೇಶ್ ಕೈಗೆ ಬಂತು. ರಾಯರು ಮುಂದಿನ ಸೀಟಿಗೆ, ಪದ್ಮಜಾ ಮತ್ತು ಶಿವಲಿಂಗಮ್ಮ ನಡುವಿಗೆ, ದಾರಿಯಲ್ಲಿ ಹತ್ತಿದ ದಾನಪ್ಪನವರು ಹಿಂದಕ್ಕೆ. ರಸ್ತೆಗೆ ಉಪ್ಪು ಚೆಲ್ಲಿದ್ದರು. ವೀರೇಶ್ ಬ್ರೇಕನ್ನು ಎಷ್ಟು ಹಗುರವಾಗಿ ಒತ್ತುತ್ತಿದ್ದನೆಂದರೆ ನಿಂತದ್ದೂ ಗೊತ್ತಾಗುತ್ತಿರಲಿಲ್ಲ. ಶಿವಲಿಂಗಮ್ಮ ಕಿಟಕಿಯ ಹೊರಗೆ ನೋಡುತ್ತಾ ಬೇಗ ಕ್ಲಿನಿಕ್ ಬರಲಿ ಎಂದು ಬೇಡಿಕೊಳ್ಳುತ್ತಿದ್ದಳು.

"ತಮ್ಮಾ," ಎಂದಿತು ಹಿಂದಿನ ಸೀಟು. "ಹನ್ನೆರಡು ಇಂಜಿನಿಯರ್‌ಗಳು ಹುಡುಕಿದ್ರೂ ಸಿಗದ ಬ್ರೇಕಿನ ಸಪ್ಪಳ ಹುಡುಕಿದಾವ ನೀನ ಅಲ್ಲೇನು?"

ವೀರೇಶ್ ಕನ್ನಡಿಯಲ್ಲಿ ನೋಡಿದ. "ನಿಮಗ್ಹೆಂಗ ಗೊತ್ರಿ ಅಂಕಲ್?"

"ಗೊತ್ತಿರದೇ ಏನು! ರಾತ್ರಿ ಹಗಲು ಗಾಡಿ ಕೆಳಗ ಮಲಗಿ ಹುಡುಕಿದ್ಯಂತ. ಹದಿನೈದು ವರ್ಷದಾವ ಇದ್ದಾಗ ಹಿಮದಾಗ ಪೇಪರ್ ಹಾಕಿ ಅಪ್ಪಗ ಕೈಗವಸು ತಂದುಕೊಟ್ಟಿದ್ಯಂತ. ಅದೂ ಗೊತ್ತು."

"ಬ್ರೇಕಿನ ಕಥೆ ನಾವು ನಾಲ್ಕು ಸಲ ಕೇಳಿದೀವಿ," ಎಂದರು ಪದ್ಮಜಾ.

"ಐದು," ಎಂದರು ರಾಯರು.

"ಸುಮ್ಮನ ಕುಂದರ್ರಿ ಎಲ್ಲಾರೂ," ಎಂದಳು ಶಿವಲಿಂಗಮ್ಮ. ಅವಳ ಕಿವಿ ಸುಡುತ್ತಿತ್ತು. ನನ್ನ ಬೆನ್ನ ಹಿಂದೆ ನನ್ನ ಕಥೆಯನ್ನೇ ಊರಿಗೆಲ್ಲ ಹಂಚಿದಳು ಎಂದು ಮಗ ತಿಳಿದಾನು ಎಂದು ಹೆದರಿ ಸೆರಗಿನ ತುದಿ ಹಿಂಡುತ್ತಿದ್ದಳು.

ಬಿಗ್ ಬೀವರ್ ರಸ್ತೆಗೆ ತಿರುಗಿದ ಮೇಲೆ ವೀರೇಶ್ ಕೇಳಿದ. ದನಿ ಸಣ್ಣಗಿತ್ತು, ತಾಯಿಯನ್ನು ಕೇಳಿದ್ದೋ ಉಳಿದವರನ್ನೋ ತಿಳಿಯಲಿಲ್ಲ. "ಮಾರ್ಚ್ ಆದ ಮ್ಯಾಲೂ ಹೇಳ್ತಿದ್ಲಾ? ನನ್ನ ಕೆಲಸ ಹೋದ ಮ್ಯಾಲೆ?"

ರಾಯರು ಗಂಟಲು ಸರಿಮಾಡಿಕೊಂಡರು. ಪದ್ಮಜಾ ಮುಂದಕ್ಕೆ ಬಾಗಿ ಹೇಳಿದರು.

"ಮಾರ್ಚ್ ಆದ್ಮೇಲೆ ಜಾಸ್ತಿ ಆಯ್ತು ಕಣಪ್ಪ. ಅದಕ್ಕೆ ಮುಂಚೆ ನಿಮ್ಮಮ್ಮ ಬೇರೆ ಮಾತೂ ಆಡ್ತಿದ್ರು."

ಶಿವಲಿಂಗಮ್ಮ ಧೈರ್ಯ ಮಾಡಿ ಕನ್ನಡಿಯ ಕಡೆ ನೋಡಿದಳು. ಮಗ ಕೈಗವಸಿನ ಹಿಂಬದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದ, ಜೊತೆಗೆ ನಗುತ್ತಲೂ ಇದ್ದ, ಮಾರ್ಚಿನಿಂದ ಈಚೆಗೆ ಅವಳು ಕಂಡಿರದಿದ್ದ ನಗು. ಅವಳಿಗೂ ಅಳು ಬಂತು. ಇಂಥ ಸಂತೋಷದ ಅಳು ರಾಚಯ್ಯ ಹೋದ ಮೇಲೆ ಅವಳಿಗೆ ಬಂದಿರಲಿಲ್ಲ.

"ಅಯ್ಯೋ, ಕ್ಲಿನಿಕ್! ಕ್ಲಿನಿಕ್ ಹೋಯ್ತಲ್ರೀ!" ಎಂದು ಕೂಗಿದರು ರಾಯರು. ಎಡಕ್ಕೆ ಸರಿಯುವ ಲೇನನ್ನು ಬಿಟ್ಟು ವ್ಯಾನು ಮುಂದೆ ಹೋಗಿತ್ತು. ಆ ರಸ್ತೆಯಲ್ಲಿ ಒಮ್ಮೆ ತಪ್ಪಿದರೆ ಬೇಕಾದಲ್ಲಿ ತಿರುಗುವ ಹಾಗಿಲ್ಲ, ಮುಂದೆ ರಸ್ತೆಯ ನಡುವೆ ತಿರುಗಲು ಬಿಟ್ಟ ಜಾಗದ ತನಕ ಹೋಗಿ ಸುತ್ತಿಕೊಂಡು ಬರಬೇಕು.

"ಸಾರಿ ಅಂಕಲ್," ಎಂದ ವೀರೇಶ್.

"ಹೋಗಲಿ ಬಿಡ್ರಿ," ಎಂದಳು ಶಿವಲಿಂಗಮ್ಮ ಮೂಗೊರೆಸಿಕೊಂಡು. "ಸ್ವಲ್ಪ ದೂರ ಹೋಗಿಯೇ ತಿರುಗಿಸ್ಕೊಂಡು ಬಾಪಾ. ಅವಸರ ಏನೈತಿ. ಬೇಕಂದ್ರ ಇನ್ನೊಂದು ಸುತ್ತು ಹಾಕು."

ದಾನಪ್ಪನವರು ಹಿಂದಿನಿಂದ ಪೇಪರ್ ಹಾಕಿದ ಕಥೆಯನ್ನು ಮೊದಲಿನಿಂದ ಶುರು ಮಾಡಿದರು. ಅವರು ಹೇಳಿದ್ದರಲ್ಲಿ ಅರ್ಧಕ್ಕರ್ಧ ತಪ್ಪಿತ್ತು. ವೀರೇಶ್ ಒಂದೊಂದನ್ನೂ ತಿದ್ದುತ್ತಾ, ನಗುತ್ತಾ ವ್ಯಾನು ತಿರುಗಿಸಿದ. ಕ್ಲಿನಿಕ್ಕಿಗೆ ಅವರು ಹದಿನೈದು ನಿಮಿಷ ತಡವಾಗಿ ಹೋದರು, ಶಾಂಭವಿ ಐವರಿಗೂ ಸೇರಿಸಿ ಬೈದಳು.